ಇಳಿಸು ಅನ್ನದವರು

ಜೂನ್ 3

ಅಣ್ಣನಿಗೆ,

ಬಂದು ಸೇರಿದೆ. ಬಸ್ಸಿಳಿದ ಮೇಲೆ ಒಂದೂವರೆ ಗಂಟೆ ನಡೆಯಬೇಕಾಯಿತು. ನನ್ನನ್ನು ಕಳಿಸಿದ ಸಂಸ್ಥೆಯವರು ಹಳ್ಳಿಗೆ ರಸ್ತೆ ಇದೆ ಅಂದಿದ್ದರು. ಸುಳ್ಳಲ್ಲ, ರಸ್ತೆ ಇದೆ. ಅದರ ಮೇಲೆ ಓಡುವಂಥದ್ದು ಮಾತ್ರ ಏನೂ ಇಲ್ಲ.

ಶಾಲೆಯ ಹಿಂದಿನ ಸಾಮಾನು ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಒಂದು ಮಂಚ, ಕಾಲು ಮುರಿದ ನಾಲ್ಕು ಬೆಂಚು, ಒಂದು ಕಿಟಕಿ. ಕಿಟಕಿಗೆ ಗಾಜಿಲ್ಲ, ರಟ್ಟು ಹಚ್ಚಿದ್ದಾರೆ. ಇಪ್ಪತ್ತಾರು ವರ್ಷ ನಮ್ಮ ಅಂಗಡಿಯಿಂದ ಊರಿನವರ ಕಿಟಕಿಗೆಲ್ಲ ಗಾಜು ಕೂರಿಸಿದವನ ಹಣೆಬರಹ ನೋಡು. ನಗಬೇಕು ಅನ್ನಿಸಿದರೆ ನಗು. ಊಟ ಪಕ್ಕದ ಮನೆಯ ಅಜ್ಜಿಯದು. ಎರಡು ಹೊತ್ತು ಬಡಿಸುತ್ತಾಳೆ, ಮಾತು ಕಡಿಮೆ.

ಕೆಲಸ ಏನೆಂದು ಕೇಳಿದ್ದೆಯಲ್ಲ. ಊರಿನ ಕೆಳಗೆ ಒಂದು ಹಳ್ಳ ಹರಿಯುತ್ತದೆ. ವರ್ಷವರ್ಷವೂ ಅದು ಹೊಲದ ಅಂಚು ಕೊರೆದುಕೊಂಡು ಹೋಗುತ್ತಿದೆ. ಅದಕ್ಕೆ ಉದ್ದಕ್ಕೂ ಕಲ್ಲಿನ ಗೋಡೆ ಕಟ್ಟುತ್ತಿದ್ದಾರೆ. ಕಲ್ಲು ಮೇಲಿನ ಗುಡ್ಡದಿಂದ ಬರಬೇಕು, ಗಾಡಿ ಹೋಗುವ ದಾರಿಯಿಲ್ಲ. ಬಿದಿರಿನ ಗಳಕ್ಕೆ ಹಗ್ಗದಿಂದ ಕಲ್ಲು ತೂಗುಹಾಕಿ, ಒಬ್ಬ ಮುಂದೆ ಒಬ್ಬ ಹಿಂದೆ ಹೆಗಲು ಕೊಟ್ಟು ಅರ್ಧ ಗಂಟೆಯ ಇಳಿಜಾರು ಇಳಿಯುತ್ತಾರೆ. ಎತ್ತರ ನೋಡಿ ಜೋಡಿ ಮಾಡುತ್ತಾರೆ. ನನಗೆ ಸಿಕ್ಕವನು ಉದ್ದಣ್ಣ ಅಂತ. ಅವನ ಹೆಸರು ಬೇರೆ ಏನೋ ಇದೆ, ಯಾರೂ ಬಳಸುವುದಿಲ್ಲ. ಇಬ್ಬರು ಹೆಜ್ಜೆ ಕೂಡಿಸಿ ಭಾರ ಹೊರುವುದು ನನಗೆ ಹೊಸದಲ್ಲ ಅಂತ ಹೇಳಲು ಹೋಗಲಿಲ್ಲ. ಹೇಳಿದರೆ ಯಾರ ಜೊತೆ ಹೊತ್ತೆ ಅಂತ ಕೇಳುತ್ತಾರೆ, ಆಮೇಲೆ ಯಾಕೆ ಬಿಟ್ಟೆ ಅಂತ ಕೇಳುತ್ತಾರೆ.

ನಿನ್ನ ಬಲಗೈ ಹೇಗಿದೆ? ಮುಚ್ಚುಮರೆಯಿಲ್ಲದೆ ಬರೆ. ಮಾರ್ಚ್ ತಿಂಗಳ ಆ ದಿನ ದೊಡ್ಡ ಗಾಜು ಹಿಡಿದು ಹತ್ತುವಾಗ ಮೆಟ್ಟಿಲ ಮೇಲೆ ನನ್ನ ಕಾಲು ತಪ್ಪದಿದ್ದರೆ ಗಾಜು ಜಾರುತ್ತಿರಲಿಲ್ಲ, ನಿನ್ನ ಅಂಗೈ ಸೀಳುತ್ತಿರಲಿಲ್ಲ. ಇಲ್ಲಿಗೆ ಬಂದರೂ ನಾನು ಅದೇ ಮೆಟ್ಟಿಲು ಹತ್ತುತ್ತಿದ್ದೇನೆ. ಅತ್ತಿಗೆಗೆ ನಮಸ್ಕಾರ ಹೇಳು. ಹೊರಡುವ ದಿನ ಅವರು ಒಳಗಿನಿಂದ ಬರಲಿಲ್ಲ. ಬರುತ್ತಾರೆಂದು ನಾನೂ ಕಾಯಲಿಲ್ಲ.

ನಿನ್ನ ತಮ್ಮ

ಜೂನ್ 21

ತಮ್ಮಾ,

ನಿನ್ನ ಕಾಗದ ಹದಿನೈದು ದಿನ ತೆಗೆದುಕೊಂಡಿತು. ಅದೂ ನಡೆದುಕೊಂಡೇ ಬಂದಿರಬೇಕು. ನನ್ನ ಅಕ್ಷರ ಸೊಟ್ಟಗೆ ಕಂಡರೆ ನನ್ನನ್ನು ಬಯ್ಯಬೇಡ, ಹೊಸ ಪೆನ್ನನ್ನು ಬಯ್ಯಿ.

ಕೈ ಚೆನ್ನಾಗಿದೆ. ಡಾಕ್ಟರು ನೋಡಿ ಭೇಷ್ ಅಂದರು. ಅಂಗಡಿಗೆ ಹೊಸ ಆಳು ಸಿಕ್ಕಿದ್ದಾನೆ, ಎತ್ತಿನಂಥವನು, ನಿನಗಿಂತ ಅರ್ಧ ಅಡಿ ಅಗಲ. ಹಾಗಾಗಿ ಅಣ್ಣ ಹೇಗೆ ನಿಭಾಯಿಸುತ್ತಾನೋ ಅಂತ ಅಲ್ಲಿ ಕೂತು ಕೊರಗುವ ಅಗತ್ಯ ಇಲ್ಲ. ಐವತ್ತು ದಾಟಿದವನು ಸಂಬಳವಿಲ್ಲದೆ ಕಲ್ಲು ಹೊರಲು ಹೋಗಿದ್ದಾನಂತೆ ಅಂತ ಪಕ್ಕದಂಗಡಿಯ ದರ್ಜಿ ಬಂದವರಿಗೆಲ್ಲ ಹೇಳಿ ನಗುತ್ತಾನೆ. ನಾನೂ ಅವನ ಜೊತೆ ನಗುತ್ತೇನೆ, ಬೇರೆ ಏನು ಮಾಡಲಿ.

ಆ ದಿನದ ಮಾತು ಎತ್ತಬೇಡ ಅಂತ ಎಷ್ಟು ಸಲ ಹೇಳಿದ್ದೇನೆ? ಆಗಿದ್ದು ಆಯಿತು. ನೀನು ಬರೆದಿದ್ದನ್ನು ನಾನು ಎರಡನೇ ಸಲ ಓದುವುದಿಲ್ಲ.

ನಿನ್ನ ಅತ್ತಿಗೆ ನಿನ್ನ ಬಗ್ಗೆ ಕೇಳಿದಳು ಅಂತ ಬರೆಯಬಹುದು, ಆದರೆ ಕೇಳಲಿಲ್ಲ. ಕಾಗದವನ್ನು ಮೇಜಿನ ಮೇಲೆ ಬಿಟ್ಟು ಅಂಗಡಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಮಡಿಕೆ ಬದಲಾಗಿತ್ತು. ಅಷ್ಟು ಮಾತ್ರ ಹೇಳಬಲ್ಲೆ.

ಹೊಟ್ಟೆ ತುಂಬ ಉಣ್ಣು.

ಅಣ್ಣ

ಜುಲೈ 30

ಅಣ್ಣನಿಗೆ,

ಪೆನ್ನು ಬದಲಿಸು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಹೆಗಲ ಮೇಲೆ ಗಳದ ಅಚ್ಚು ಬಿದ್ದಿದೆ, ಮೊದಲ ವಾರ ಅಂಗಿ ತೊಡಲೂ ಆಗುತ್ತಿರಲಿಲ್ಲ. ಈಗ ಅಲ್ಲಿ ಚರ್ಮ ದಪ್ಪಗಾಗಿದೆ. ನಾನೂ ಉದ್ದಣ್ಣನೂ ಈ ಊರಿನಲ್ಲೇ ವೇಗದ ಜೋಡಿ. ಉಳಿದವರದ್ದು ನೋಡಿದರೆ ನಗು ಬರುತ್ತದೆ. ಇಬ್ಬರಲ್ಲಿ ಯಾರಾದರೂ ಒಬ್ಬರು ‘ಇಳಿಸು’ ಅಂದರೆ ಸಾಕು, ಕಲ್ಲು ನೆಲಕ್ಕೆ. ಅರ್ಧ ಗಂಟೆಯ ದಾರಿಗೆ ಐದಾರು ಸಲ ಇಳಿಸುತ್ತಾರೆ. ಬೆವರು ಒರೆಸಿಕೊಂಡು, ಆಕಾಶ ನೋಡಿ, ಮತ್ತೆ ಎತ್ತುತ್ತಾರೆ. ಕಟ್ಟುಮಸ್ತಾದ ಆಳುಗಳು, ನಾಚಿಕೆಯೇ ಇಲ್ಲ.

ನಾನು ಇವತ್ತಿನವರೆಗೆ ಒಂದು ಸಲವೂ ಆ ಮಾತು ಆಡಿಲ್ಲ. ಗುಡ್ಡದಿಂದ ಹೊರಟರೆ ಹಳ್ಳದ ಹತ್ತಿರವೇ ನಿಲ್ಲುವುದು. ಹೆಗಲು ಹರಿದು ಹೋಗಲಿ, ನನ್ನ ಕಡೆಯಿಂದ ಭಾರ ಕೆಳಗೆ ಬೀಳಬಾರದು. ಒಂದು ಸಲ ಬಿದ್ದದ್ದು ಈ ಜನ್ಮಕ್ಕೆ ಸಾಕು. ಉದ್ದಣ್ಣ ಏನೂ ಹೇಳುವುದಿಲ್ಲ, ಸುಮ್ಮನೆ ನಗುತ್ತಾನೆ. ಮೆಚ್ಚಿಕೊಂಡಿದ್ದಾನೆ ಅಂತ ಕಾಣುತ್ತದೆ.

ಆಳು ಹೇಗಿದ್ದಾನೆ? ದೊಡ್ಡ ಗಾಜು ಹಿಡಿಯುವಾಗ ಅಂಚಿಗೆ ಗೋಣಿ ಸುತ್ತಿಕೊಳ್ಳಲು ಹೇಳು. ಅತ್ತಿಗೆ ಏನಾದರೂ ಅಂದರೆ ಬರೆ, ಬೈದಿದ್ದರೂ ಬರೆ.

ತಮ್ಮ

ಆಗಸ್ಟ್ 18

ತಮ್ಮಾ,

ನೀನು ಅಲ್ಲಿ ಊರಿಗೇ ಗಟ್ಟಿಗ ಅನ್ನಿಸಿಕೊಂಡಿದ್ದು ಓದಿ ದರ್ಜಿಗೂ ಓದಿ ಹೇಳಿದೆ. ಮನೆಯಲ್ಲಿ ನೀರಿನ ಕೊಡ ಎತ್ತು ಅಂದರೆ ಬೆನ್ನು ಹಿಡಿದುಕೊಳ್ಳುತ್ತಿದ್ದವನು!

ಆಳು ರಜೆಯ ಮೇಲೆ ಇದ್ದಾನೆ. ಅವನ ಹೆಂಡತಿಯ ಕಡೆಯವರಿಗೆ ಏನೋ ಹುಷಾರಿಲ್ಲವಂತೆ. ಹಾಗಾಗಿ ಈ ತಿಂಗಳು ದೊಡ್ಡ ಕೆಲಸ ಒಪ್ಪಿಕೊಂಡಿಲ್ಲ, ಫೋಟೋ ಕಟ್ಟು, ಮುಖ ನೋಡುವ ಕನ್ನಡಿ, ಅಷ್ಟೇ. ವಯಸ್ಸಾದ ಮೇಲೆ ಸಣ್ಣ ಕೆಲಸವೇ ವಾಸಿ. ಮೊನ್ನೆ ಮಧ್ಯಾಹ್ನ ಚಹಾದವನಿಗೆ ಕೈ ಎತ್ತಿ ಎರಡು ಲೋಟ ಅಂದುಬಿಟ್ಟೆ, ಅಭ್ಯಾಸ ಬಲ. ಅವನು ಏನೂ ಕೇಳದೆ ಎರಡು ಇಟ್ಟು ಹೋದ. ಎರಡನ್ನೂ ನಾನೇ ಕುಡಿದೆ. ಆರಿದ ಚಹಾ ನಿನಗೆ ಇಷ್ಟ, ನನಗಲ್ಲ.

ಮನೆಯಲ್ಲಿ ಎಲ್ಲ ಮಾಮೂಲು. ನಿನ್ನ ಕೋಣೆಯ ಬಾಗಿಲು ಹಾಕಿದೆ. ನಿನ್ನ ಅತ್ತಿಗೆ ವಾರಕ್ಕೊಮ್ಮೆ ತೆಗೆದು ಗುಡಿಸುತ್ತಾಳೆ, ಮತ್ತೆ ಹಾಕುತ್ತಾಳೆ. ನಾನು ನಿನ್ನ ಮಾತೆತ್ತಿದರೆ ನನ್ನ ಬಲಗೈ ನೋಡಿ ಸುಮ್ಮನಾಗುತ್ತಾಳೆ. ಅವಳದು ನಿನಗೆ ಗೊತ್ತಲ್ಲ, ಪ್ರೀತಿಯೂ ಕಲ್ಲು, ಸಿಟ್ಟೂ ಕಲ್ಲು. ಕಾಲ ಬರಬೇಕು.

ಅಣ್ಣ

ಅಕ್ಟೋಬರ್ 25

ಅಣ್ಣನಿಗೆ,

ಹತ್ತಿರ ಹತ್ತಿರ ಮೂರು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಸುಳ್ಳೇ ಬರುತ್ತಿತ್ತು, ಹರಿದು ಹಾಕಿದೆ. ಇವತ್ತು ನಿಜ ಬರೆಯುತ್ತೇನೆ.

ಆಗಸ್ಟ್ ಮೊದಲ ವಾರದಿಂದ ನನ್ನ ಜೊತೆ ಯಾರೂ ಕಲ್ಲು ಹೊರುತ್ತಿಲ್ಲ. ಇಳಿಜಾರಿನ ಕೊನೆಯಲ್ಲಿ ಒಂದು ದಿನ ನನ್ನ ತೋಳು ಮರಗಟ್ಟಿತ್ತು. ಇನ್ನು ಇಪ್ಪತ್ತು ಹೆಜ್ಜೆ ತಾನೆ ಅಂತ ಹಲ್ಲು ಕಚ್ಚಿದೆ. ಗಳ ಹೆಗಲಿನಿಂದ ಜಾರಿತು. ಕಲ್ಲು ಉದ್ದಣ್ಣನ ಹಿಮ್ಮಡಿಗೆ ಒಂದು ಗೇಣು ದೂರದಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅವನು ತಿರುಗಿ ಕಲ್ಲು ನೋಡಿದ, ನನ್ನನ್ನು ನೋಡಿದ, ಎಂದಿನಂತೆ ನಕ್ಕ. ಮರುದಿನ ಗುಡ್ಡಕ್ಕೆ ಹೋದರೆ ಅವನು ಬೇರೊಬ್ಬನ ಜೊತೆ ಗಳ ಹೊತ್ತು ಹೊರಟಿದ್ದ. ಮೇಸ್ತ್ರಿ ನನ್ನ ಕೈಗೆ ಸುತ್ತಿಗೆ ಕೊಟ್ಟು, ಜಲ್ಲಿ ಬೇಕಾಗಿದೆ, ನೀವು ಕೂತು ಒಡೀರಿ ಅಂದ. ಅವತ್ತಿನಿಂದ ಒಡೆಯುತ್ತಿದ್ದೇನೆ.

ಜಲ್ಲಿ ಒಡೆಯುವುದು ಒಬ್ಬನೇ ಮಾಡುವ ಕೆಲಸ. ಎದುರಿನ ದಾರಿಯಲ್ಲಿ ಜೋಡಿಗಳು ಇಳಿಯುತ್ತವೆ, ಹತ್ತುತ್ತವೆ. ಹೋಗುವಾಗ ಬರುವಾಗ ತಲೆಯಾಡಿಸುತ್ತಾರೆ, ಕುಡಿಯಲು ನೀರು ತಂದುಕೊಡುತ್ತಾರೆ. ಮರ್ಯಾದೆಗೆ ಒಂದಿಷ್ಟೂ ಕಡಿಮೆಯಿಲ್ಲ. ಒಂದು ದಿನಕ್ಕೆ ನಾನು ಆಡುವ ಮಾತು ಎಣಿಸಿದೆ. ಅಜ್ಜಿ ಊಟ ಆಯ್ತಾ ಅಂದಳು, ಆಯ್ತು ಅಂದೆ. ಅಷ್ಟೇ, ಆ ದಿನ ಮುಗಿಯಿತು. ಸಂಜೆ ಕೋಣೆಗೆ ಬಂದು ಗಂಟಲು ಇದೆಯೋ ಹೋಯಿತೋ ನೋಡೋಣ ಅಂತ ಒಬ್ಬನೇ ಕೆಮ್ಮಿದೆ.

ನನಗನ್ನಿಸುವುದು ಇಷ್ಟು: ಇವರಿಗೆ ಗೊತ್ತಾಗಿದೆ. ಅಣ್ಣನ ಕೈ ಕಳೆದವನು ಅಂತ ಸಂಸ್ಥೆಯವರು ಹೇಳಿರಬೇಕು. ಅಥವಾ ನೀನು ಅವರಿಗೆ ಏನಾದರೂ ಬರೆದೆಯಾ? ಬರೆದಿದ್ದರೆ ಹೇಳು, ಸಿಟ್ಟು ಮಾಡಿಕೊಳ್ಳುವುದಿಲ್ಲ.

ಇನ್ನೊಂದು. ನೀನು ಎಡಗೈಯಲ್ಲಿ ಬರೆಯುತ್ತಿದ್ದೀಯ. ಮೊದಲನೇ ಕಾಗದದಲ್ಲೇ ತಿಳಿಯಿತು. ಗಾಜಿನ ಮೇಲೆ ನೀನು ಅಳತೆ ಬರೆದದ್ದನ್ನು ಇಪ್ಪತ್ತಾರು ವರ್ಷ ಓದಿದವನು ನಾನು, ನನಗೆ ಪೆನ್ನಿನ ಕಥೆ ಹೇಳಬೇಡ.

ಮೊದಲ ಕಾಗದದಲ್ಲಿ ನಾನೂ ಒಂದು ಸುಳ್ಳು ಬರೆದಿದ್ದೆ. ಅತ್ತಿಗೆಗಾಗಿ ಕಾಯಲಿಲ್ಲ ಅಂದಿದ್ದೆ. ಕಾದೆ. ಬೀದಿಯ ತಿರುವಿನಲ್ಲಿ ಚೀಲ ಕೆಳಗಿಟ್ಟು ಬಸ್ಸು ತಪ್ಪುವವರೆಗೂ ನಿಂತಿದ್ದೆ. ಮುಂದಿನ ಬಸ್ಸಿಗೆ ಹೊರಟೆ.

ತಮ್ಮ

ನವೆಂಬರ್ 9

ತಮ್ಮಾ,

ನಾನು ಯಾರಿಗೂ ಏನೂ ಬರೆದಿಲ್ಲ. ಅಮ್ಮನ ಆಣೆ.

ಹೌದು, ಎಡಗೈ. ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಹೆಬ್ಬೆರಳಿಗೆ ಚುಚ್ಚಿದರೂ ಗೊತ್ತಾಗುವುದಿಲ್ಲ. ಎತ್ತಿನಂಥ ಆಳು ಒಂಬತ್ತು ದಿನಕ್ಕೆ ಹೇಳದೆ ಕೇಳದೆ ಹೋದ. ಅದಾದ ಮೇಲೆ ಯಾರೂ ಬಂದಿಲ್ಲ, ನಾನು ಹುಡುಕಲೂ ಇಲ್ಲ. ಈಗ ಇಬ್ಬರ ಸುಳ್ಳೂ ಸರಿಸಮ ಆಯಿತಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ಕುಂಬಳಕಾಯಿ ಕದಿಯದೇ ಹೆಗಲು ಮುಟ್ಟಿಕೊಳ್ಳುವವನನ್ನು ನಾನು ನಿನ್ನೊಬ್ಬನನ್ನೇ ಕಂಡಿದ್ದು. ಅವರಿಗೆ ಏನೂ ಗೊತ್ತಿರಲಿಕ್ಕಿಲ್ಲ ಕಣೋ. ಯಾಕೆ ಹಾಗೆ ಮಾಡುತ್ತಾರೆ ಅಂತ ಬಾಯಿಬಿಟ್ಟು ಕೇಳು. ಚಿಕ್ಕಂದಿನಿಂದ ನಿನ್ನದು ಇದೇ ರೋಗ, ಕೇಳದೆ ಮೂಲೆಯಲ್ಲಿ ಕೂತು ಎಲ್ಲ ನನ್ನದೇ ತಪ್ಪು ಅಂದುಕೊಳ್ಳುವುದು.

ಕೇಳಲು ಆಗದಿದ್ದರೆ ಬಂದುಬಿಡು. ಗೋಡೆ ಮುಗಿಯಲೇಬೇಕು ಅಂತ ಏನು, ಜೈಲೇ ಅದು? ಬಂದರೆ ಮನೆ ಇದೆ. ನಿನ್ನ ಅತ್ತಿಗೆಯದನ್ನು ಆಮೇಲೆ ನೋಡಿಕೊಳ್ಳೋಣ.

ಅಣ್ಣ

ಡಿಸೆಂಬರ್ 14

ಅಣ್ಣನಿಗೆ,

ನಿನ್ನ ಮಾತು ಕೇಳಿದೆ. ಕದಿಯದೇ ಹೆಗಲು ಮುಟ್ಟಿಕೊಳ್ಳುವವನು ಅಂತ ಬರೆದೆಯಲ್ಲ, ಅದನ್ನು ಓದಿ ಕಣ್ಣು ತುಂಬಿತು. ಕೈ ಕಳೆದುಕೊಂಡವನೇ ನನ್ನನ್ನು ಕಳ್ಳನಲ್ಲ ಅನ್ನುತ್ತಾನೆ. ಇಷ್ಟು ದೊಡ್ಡ ಮನಸ್ಸು ನನಗಿಲ್ಲ ಬಿಡು.

ಮೇಸ್ತ್ರಿ ಗೋಡೆಯ ಹತ್ತಿರ ದಾರ ಹಿಡಿದು ನೇರ ನೋಡುತ್ತಿದ್ದ. ಎದುರಿಗೆ ಹೋಗಿ ನಿಂತು, ನನ್ನ ಬಗ್ಗೆ ನಿಮಗೆ ಯಾರು ಏನು ಹೇಳಿದ್ದಾರೆ ಅಂತ ಕೇಳಿದೆ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಮತ್ತೆ ಯಾಕೆ ನನ್ನ ಜೊತೆ ಯಾರೂ ಹೊರುವುದಿಲ್ಲ ಅಂದೆ. ಅವನು ದಾರ ಸುತ್ತಿಟ್ಟು ಕಲ್ಲಿನ ಮೇಲೆ ಕೂತ.

“ನೀವು ಬಂದಾಗಿನಿಂದ ಒಂದ್ಸಲನಾದ್ರೂ ‘ಇಳಿಸು’ ಅಂದಿದ್ದೀರಾ?”

“ಇಲ್ಲ. ನನಗೆ ಹೊರೋ ಶಕ್ತಿ ಇದೆ.”

“ಶಕ್ತಿ ಯಾರು ಕೇಳಿದ್ರು? ಮುಂದಿರೋನಿಗೆ ಹಿಂದಿರೋನು ಕಾಣಲ್ಲ. ಹಿಂದಿರೋನಿಗೆ ಮುಂದಿರೋನ ಮುಖ ಕಾಣಲ್ಲ. ಇಬ್ಬರ ಮಧ್ಯೆ ಇರೋದು ಆ ಒಂದು ಮಾತು. ಅದನ್ನ ಹೇಳದೇ ಇರೋನ ಜೊತೆ ಹೊತ್ರೆ ಕಲ್ಲು ಯಾವಾಗ ಬೀಳುತ್ತೆ ಅಂತ ಯಾರಿಗೆ ಗೊತ್ತಾಗುತ್ತೆ? ಉದ್ದಣ್ಣನಿಗೆ ಎರಡು ಸಣ್ಣ ಮಕ್ಕಳಿದಾವೆ.”

ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಅಂದೆ. ನಮಗೆ ಸಹಾಯ ಮಾಡಲು ಅಂತ ಮನೆ ಬಿಟ್ಟು ಬಂದವರಿಗೆ, ನಿಮಗೆ ಹೊರಲು ಬರುವುದಿಲ್ಲ ಅಂತ ಮುಖಕ್ಕೆ ಹೇಗೆ ಹೇಳುವುದು, ನೀವೇ ಕೇಳುತ್ತೀರಿ ಅಂತ ಕಾದೆವು ಅಂದ. ನಾಲ್ಕು ತಿಂಗಳು ನಾನು ಅವರನ್ನು ತಪ್ಪು ತಿಳಿದು ಜಲ್ಲಿ ಒಡೆದೆ. ಅವರು ನಾನು ಕೇಳಲಿ ಅಂತ ಕಾದರು. ಜಲ್ಲಿ ಮಾತ್ರ ಬೆಟ್ಟದಷ್ಟು ಆಯಿತು, ಇನ್ನೊಂದು ಊರಿಗೆ ಸಾಲುತ್ತದೆ.

ಮರುದಿನ ಉದ್ದಣ್ಣನ ಜೊತೆ ಗಳ ಎತ್ತಿದೆ. ಹೆಗಲು ನೋಯಲು ಶುರುವಾಯಿತು. ಆ ಮಾತು ಬಾಯಿಗೆ ಬರುತ್ತದೆ, ತುಟಿಯ ತನಕ ಬಂದು ನಿಲ್ಲುತ್ತದೆ. ಮೂರಕ್ಷರ, ಅಣ್ಣ. ಕೊನೆಗೆ ಅಂದೆ. ಇಬ್ಬರೂ ಒಟ್ಟಿಗೆ ಬಗ್ಗಿದೆವು, ಕಲ್ಲು ಕೂತಿತು. ಉದ್ದಣ್ಣ ತಿರುಗಿಯೂ ನೋಡಲಿಲ್ಲ, ಯಾಕೆ ಅಂತ ಕೇಳಲಿಲ್ಲ. ಕೇಳಬಾರದಂತೆ. ಅದೇ ಇಲ್ಲಿನ ಪದ್ಧತಿ, ಇಳಿಸು ಅಂದವನನ್ನು ಕಾರಣ ಕೇಳುವಂತಿಲ್ಲ. ಅವತ್ತು ಏಳು ಸಲ ಅಂದೆ. ಆರನೇ ಸಲ ಅಂದದ್ದು ನೋವಾಗಿ ಅಲ್ಲ, ನಿಜವಾಗಿಯೂ ಇಳಿಸುತ್ತಾನೋ ಪರೀಕ್ಷೆ ಮಾಡೋಣ ಅಂತ. ಇಳಿಸಿದ.

ಆ ದಿನ ಮೆಟ್ಟಿಲ ಮೇಲೆ ನನಗೆ ಈ ಬುದ್ಧಿ ಇರಲಿಲ್ಲ ನೋಡು. ಕಾಲು ತಡವರಿಸುವ ಮೊದಲೇ ಕೂಗಿ ಹೇಳಿದ್ದರೆ ನಿನ್ನ ಕೈ ಉಳಿಯುತ್ತಿತ್ತು. ಈಗ ಅದನ್ನೇ ನೆನೆಯುತ್ತೇನೆ.

ತಮ್ಮ

ಜನವರಿ 2

ತಮ್ಮಾ,

ಕಾಗದ ಬಂತು. ಓದಿದೆ. ಇಲ್ಲಿ ಚಳಿ ಜಾಸ್ತಿ. ನಿನ್ನ ಉಣ್ಣೆಯ ಅಂಗಿ ಇಲ್ಲೇ ಉಳಿದಿದೆ, ಕಳಿಸಲೇ? ವಿಶೇಷ ಏನಿಲ್ಲ.

ಅಣ್ಣ

ಜನವರಿ 19

ತಮ್ಮಾ,

ಮೊನ್ನೆಯ ಕಾಗದ ಕಾಗದವಲ್ಲ. ನಿನ್ನದು ಬಂದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಇದನ್ನು ಬರೆದು ಮುಗಿಸುವವರೆಗೆ ಏಳಬಾರದು ಅಂತ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತಿದ್ದೇನೆ.

ಮಾರ್ಚಿನ ಆ ದಿನಕ್ಕೂ ಹಿಂದಿನ ಚಳಿಗಾಲದಿಂದ ನನ್ನ ಬಲಗೈ ಜೋಮು ಹಿಡಿಯುತ್ತಿತ್ತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ಗಾಜು ಕೊಯ್ಯುವ ಕಲ್ಲು ಎರಡು ಸಲ ಬೆರಳಿನಿಂದ ಜಾರಿತ್ತು, ನೀನು ನೋಡಲಿಲ್ಲ, ನಾನು ನೋಡಗೊಡಲಿಲ್ಲ. ಹೇಳಿದರೆ ನೀನು ನನ್ನನ್ನು ಗಲ್ಲಾದ ಮೇಲೆ ಕೂರಿಸುತ್ತಿದ್ದೆ. ಅಣ್ಣಾ ನೀನು ಕೂತಿರು ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದೆ. ಅದನ್ನು ಕೇಳಲು ನನಗೆ ಇಷ್ಟವಿರಲಿಲ್ಲ. ಅಂಗಡಿಯ ಯಜಮಾನ ನಾನು. ಅಷ್ಟೇ ಕಾರಣ, ಇದಕ್ಕಿಂತ ದೊಡ್ಡದು ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಆ ದಿನ ನಾನು ಮೇಲೆ, ಹಿಂದಕ್ಕೆ ಹೆಜ್ಜೆ ಹಾಕುತ್ತಾ. ನೀನು ಕೆಳಗೆ. ಮೊದಲ ಮೆಟ್ಟಿಲಿಗೇ ಬೆರಳು ಸತ್ತಿದ್ದವು. ಎರಡನೆಯದರಲ್ಲಿ ಇನ್ನು ಆಗುವುದಿಲ್ಲ ಅಂತ ಗೊತ್ತಾಯಿತು. ಹೇಳಬಹುದಾಗಿತ್ತು, ಬಾಯಿ ಇತ್ತು, ಹೊತ್ತೂ ಇತ್ತು. ಹೇಳಲಿಲ್ಲ. ಮೂರನೆಯದರಲ್ಲಿ ನನ್ನ ಕೈ ಬಿಟ್ಟಿತು. ಇಡೀ ಭಾರ ಒಮ್ಮೆಲೇ ನಿನ್ನ ಮೇಲೆ ಬಂತು, ಅದಕ್ಕೇ ನಿನ್ನ ಕಾಲು ತಪ್ಪಿತು. ಕಾಲು ತಪ್ಪಿ ಗಾಜು ಜಾರಲಿಲ್ಲ ತಮ್ಮಾ. ಗಾಜು ಜಾರಿ ಕಾಲು ತಪ್ಪಿತು. ಮತ್ತೆ ಹಿಡಿಯಲು ಹೋಗಿ ಅಂಗೈ ಕೊಯ್ದುಕೊಂಡೆ.

ಆಸ್ಪತ್ರೆಯಲ್ಲಿ ನಿನ್ನ ಅತ್ತಿಗೆ, ಹೇಗಾಯಿತು ಅಂತ ಕೇಳಿದಳು. ನೀನು ಗೋಡೆಗೆ ಒರಗಿ, ನನ್ನ ಕಾಲು ತಪ್ಪಿತು ಅತ್ತಿಗೆ ಅಂದೆ. ನಾನು ಕಣ್ಣು ಮುಚ್ಚಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ. ಎಲ್ಲ ಕೇಳಿಸಿತು. ನಾಳೆ ಹೇಳೋಣ ಅಂದುಕೊಂಡೆ. ಮೊದಲೇ ಬೆರಳಿಗೆ ಏನಾದರೂ ತೊಂದರೆ ಇತ್ತಾ ಅಂತ ಡಾಕ್ಟರು ಕೇಳಿದರು, ಇಲ್ಲ ಅಂದೆ. ಆಮೇಲೆ ಒಂದೊಂದು ದಿನವೂ ಹೇಳುವುದು ಕಷ್ಟವಾಗುತ್ತಾ ಹೋಯಿತು. ನೀನು ತಲೆ ತಗ್ಗಿಸಿ ಉಣ್ಣುವುದು ನೋಡಿದೆ, ಅವಳು ನಿನ್ನ ತಟ್ಟೆಯನ್ನು ಮಾತಿಲ್ಲದೆ ಇಡುವುದು ನೋಡಿದೆ. ನೀನು ಊರು ಬಿಡುತ್ತೇನೆ ಅಂದಾಗ, ಹೋಗಿ ಬಾ, ಮನಸ್ಸು ಹಗುರವಾಗುತ್ತದೆ ಅಂದವನೂ ನಾನೇ.

ಕುಂಬಳಕಾಯಿ ಕದ್ದವನು ನಾನು. ದೊಡ್ಡ ಮನಸ್ಸು ಅಂತ ಬರೆದೆಯಲ್ಲ, ಆ ಸಾಲನ್ನು ಓದಿದಾಗ ಸತ್ತೇ ಹೋಗಬೇಕು ಅನ್ನಿಸಿತು.

ಅಣ್ಣ

ಫೆಬ್ರವರಿ 10

ತಮ್ಮಾ,

ಮೂರು ವಾರ ಆಯಿತು. ಅಂಚೆಯವನು ಬೀದಿಗೆ ಬಂದರೆ ಎದ್ದು ನಿಲ್ಲುತ್ತೇನೆ. ಅವನು ದರ್ಜಿಯ ಅಂಗಡಿಗೆ ಹೋಗುತ್ತಾನೆ, ನಾನು ಕೂರುತ್ತೇನೆ. ಬೈದಾದರೂ ಬರೆ. ಖಾಲಿ ಹಾಳೆ ಮಡಚಿ ಕಳಿಸಿದರೂ ಸಾಕು, ಕಾಗದ ಕೈಗೆ ಬಂದು ಮುಟ್ಟಿದೆ ಅಂತ ತಿಳಿದುಕೊಳ್ಳುತ್ತೇನೆ.

ಅಣ್ಣ

ಫೆಬ್ರವರಿ 20

ಅಣ್ಣನಿಗೆ,

ಕಾಗದ ಮುಟ್ಟಿದೆ.

ಮೊದಲ ವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಹುಷಾರಿಲ್ಲ ಅಂದೆ. ಅಜ್ಜಿ ಊಟ ತಂದು ಬಾಗಿಲ ಹತ್ತಿರ ಇಟ್ಟಳು. ನೀನು ಬರೆದದ್ದನ್ನು ಮಂಚದ ಮೇಲೆ ಇಟ್ಟುಕೊಂಡು ಆ ಮೆಟ್ಟಿಲುಗಳನ್ನು ಮತ್ತೆ ಹತ್ತಿದೆ, ಒಂದು, ಎರಡು, ಮೂರು. ಹೌದು. ಮೊದಲು ಭಾರ ಬಂತು, ಆಮೇಲೆ ಕಾಲು ಹೋಯಿತು. ನನ್ನ ಮೈಗೆ ಅದು ಗೊತ್ತಿತ್ತು. ನಾನೇ ನನ್ನ ಮೈಯನ್ನು ನಂಬಲಿಲ್ಲ, ನಿನ್ನನ್ನು ನಂಬಿದೆ. ನೀನು ಸುಮ್ಮನಿದ್ದೆ, ಅಂದ ಮೇಲೆ ತಪ್ಪು ನನ್ನದೇ ಇರಬೇಕು ಅಂದುಕೊಂಡೆ.

ನಿನ್ನ ಕೈ ಬಿಟ್ಟಿತು ಅಂತ ನನಗೆ ಸಿಟ್ಟಿಲ್ಲ. ಕೈ ಯಾರದ್ದಾದರೂ ಬಿಡುತ್ತದೆ. ನೀನು ಕಣ್ಣು ಮುಚ್ಚಿ ಮಲಗಿದ್ದಕ್ಕೆ ಸಿಟ್ಟು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನೀನು ನನ್ನ ಒಂದು ವರ್ಷ ಕುಡಿದೆ. ನಲವತ್ತು ವರ್ಷದ ಮೇಲಾಯಿತು, ಒಂದು ಕೆಟ್ಟ ಮಾತು ನಿನಗೆ ನಾನು ಆಡಿಲ್ಲ. ಇವತ್ತು ಆಡುತ್ತೇನೆ. ನೀನು ಹೇಡಿ.

ಅಮ್ಮ ಹೋದಾಗ ನನಗೆ ಹತ್ತು ವರ್ಷ. ಅತ್ತಿಗೆ ಮದುವೆಯಾಗಿ ಬಂದಾಗ ಹನ್ನೆರಡು. ನನಗೆ ತಲೆಗೆ ನೀರು ಹಾಕಿದವರು, ಶಾಲೆಗೆ ಕಳಿಸಿದವರು ಅವರು. ಅವರ ಬಾಯಿಂದ ಒಂದು ಮಾತು ಕೇಳದೆ ಮನೆ ಬಿಟ್ಟೆನಲ್ಲ, ಅದು ನಿನಗೆ ಗೊತ್ತಿದ್ದೂ ನೋಡುತ್ತಾ ನಿಂತೆಯಲ್ಲ. ನನಗೆ ತಪ್ಪೊಪ್ಪಿಗೆ ಬರೆದು ಏನು ಪ್ರಯೋಜನ? ಇಲ್ಲಿ ಇದನ್ನು ಓದುವವನು ನಾನೊಬ್ಬನೇ. ಅವರಿಗೆ ಹೇಳು. ಎದುರಿಗೆ ಕೂತು, ಕಣ್ಣು ಬಿಟ್ಟುಕೊಂಡು ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ. ಹೇಳದಿದ್ದರೆ ನಾನು ಆ ಮನೆಗೆ ಬರುವುದೂ ಇಲ್ಲ.

ತಮ್ಮ

ಮಾರ್ಚ್ 3

ತಮ್ಮಾ,

ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದು ಮೂರು ದಿನ ನಾನು ಬಾಯಿ ಬಿಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿನ್ನೆ ಬೆಳಿಗ್ಗೆ ಅವಳು ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ಎದುರಿಗೆ ಕೂತೆ. ಜೋಮು ಹಿಡಿದಿದ್ದು, ಮೆಟ್ಟಿಲು, ಆಸ್ಪತ್ರೆ, ಒಂದೂ ಬಿಡಲಿಲ್ಲ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಒಂದೇ ಒಂದು ಕೇಳಿದಳು.

“ಅವನು ಹೊರಟ ದಿನ ನಾನು ಒಳಗೆ ಕೂತಿದ್ದೆ. ನೀವು ಅದನ್ನ ನೋಡ್ತಾ ಇದ್ರಿ, ಅಲ್ವಾ?”

ಹೂಂ ಅಂದೆ. ಅವಳು ಮಡಚಿದ ಬಟ್ಟೆಗಳನ್ನು ಎರಡು ಪಾಲು ಮಾಡಿದಳು, ನನ್ನವು ಒಂದು ಕಡೆ, ಅವಳವು ಒಂದು ಕಡೆ. ಅವಳವನ್ನು ಚೀಲಕ್ಕೆ ಹಾಕಿದಳು. ನಿನ್ನ ಕೋಣೆಗೆ ಹೋಗಿ ಉಣ್ಣೆಯ ಅಂಗಿ ತಂದು ಅದರ ಮೇಲಿಟ್ಟಳು. ಎಲ್ಲಿಗೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ನಿನ್ನ ಕಾಗದದ ಹಿಂದಿನ ವಿಳಾಸವನ್ನು ಒಂದು ಚೀಟಿಗೆ ಬರೆದುಕೊಂಡಳು, ಆಗ ತಿಳಿಯಿತು. ಅವಳು ಒಬ್ಬಳೇ ಊರು ದಾಟಿ ಹೋದವಳಲ್ಲ. ನಾನೂ ಬರುತ್ತೇನೆ ಅಂದೆ. ಬೇಡ ಅಂದಳು.

ಇವತ್ತು ಬೆಳಿಗ್ಗೆಯ ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯ ಹತ್ತಿರ ನಿಂತು, ಯಾವಾಗ ಬರುತ್ತೀಯ ಅಂತ ಕೇಳಿದೆ.

“ಅವನು ಯಾವಾಗ ಬರ್ತಾನೋ, ಆವಾಗ” ಅಂದಳು.

ದಾರಿಯಲ್ಲಿ ಒಂದೂವರೆ ಗಂಟೆ ನಡಿಗೆ ಇದೆ ಅಂತ ನೀನು ಬರೆದಿದ್ದೆ. ಅವಳಿಗೆ ಮಂಡಿನೋವು. ನಿನ್ನ ಕೈಗೆ ಈ ಕಾಗದ ಸೇರುವ ಮೊದಲೇ ಅವಳು ಸೇರಿರುತ್ತಾಳೆ, ಆದರೂ ಬರೆದೆ. ಬರೆಯಲು ಬೇರೆ ಯಾರಿದ್ದಾರೆ.

ಅಣ್ಣ

ಮಾರ್ಚ್ 16

ಅಣ್ಣನಿಗೆ,

ಅತ್ತಿಗೆ ಬಂದು ಸೇರಿದರು. ಕಾಲು ಊದಿತ್ತು, ಅಜ್ಜಿ ಬಿಸಿನೀರು ಕೊಟ್ಟಳು, ಈಗ ಪರವಾಗಿಲ್ಲ. ನಾನು ಸಂಜೆ ಕೆಲಸದಿಂದ ಬಂದರೆ ನನ್ನ ಮಂಚದ ಮೇಲೆ ಕೂತಿದ್ದರು. ಕೋಣೆಯನ್ನು ಸುತ್ತ ನೋಡಿ, ಇದರಲ್ಲಿ ಮನುಷ್ಯರು ಇರ್ತಾರಾ ಅಂತ ಗದರಿದರು. ಒಂದು ವರ್ಷದ ಮೇಲೆ ಅವರು ನನ್ನ ಜೊತೆ ಆಡಿದ ಮೊದಲ ಮಾತು ಬೈಗುಳ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ. ಕ್ಷಮೆ ಗಿಮೆ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ರಾತ್ರಿ ಅವರೇ ಬಡಿಸಿದರು, ಸಾಕು ಅಂದರೂ ಇನ್ನೊಂದು ಸೌಟು ಹಾಕಿದರು.

ಅವರು ಅಜ್ಜಿಯ ಮನೆಯಲ್ಲಿ ಮಲಗುತ್ತಾರೆ. ಇಬ್ಬರೂ ದಿನವಿಡೀ ಏನು ಮಾತಾಡುತ್ತಾರೋ ದೇವರಿಗೇ ಗೊತ್ತು. ಒಂಬತ್ತು ತಿಂಗಳು ನನಗೆ ಎರಡೇ ಮಾತು ಹೇಳಿದ ಅಜ್ಜಿ ಈಗ ಬಾಯಿ ಮುಚ್ಚುವುದಿಲ್ಲ.

ಗೋಡೆಗೆ ಇನ್ನು ಇಪ್ಪತ್ತು ದಿನದ ಕೆಲಸ ಉಳಿದಿದೆ. ಮುಗಿಸಿಯೇ ಬರುತ್ತೇನೆ. ನಿಮ್ಮನ್ನು ಮೊದಲು ಬಸ್ಸು ಹತ್ತಿಸಲಾ ಅಂತ ಅತ್ತಿಗೆಯನ್ನು ಕೇಳಿದೆ. ನನ್ನ ಜೊತೆಯೇ ಬರುತ್ತೇನೆ ಅಂದರು. ನಿನ್ನ ಹೆಸರು ಎತ್ತುವುದಿಲ್ಲ. ಆದರೆ ಊಟಕ್ಕೆ ಕೂತಾಗ, ಎಡಗೈಯಲ್ಲಿ ಒಲೆ ಹಚ್ಚಲು ಆಗುತ್ತೋ ಇಲ್ಲವೋ ಅಂತ ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾರೆ.

ನೀನು ಇಲ್ಲಿಗೆ ಬರಬೇಡ. ಬಂದರೆ ನಿನ್ನ ಮುಖ ನೋಡಿ ನಾನು ಕರಗಿಬಿಡುತ್ತೇನೆ, ಅದು ಇಷ್ಟು ಬೇಗ ಆಗಬಾರದು. ನನ್ನ ಸಿಟ್ಟು ಇಳಿದಿಲ್ಲ, ಬೇಗ ಇಳಿಯುವಂಥದ್ದೂ ಅಲ್ಲ. ಮನೆಗೆ ಬಂದ ಮೇಲೂ ಎಷ್ಟೋ ದಿನ ಇರುತ್ತದೆ. ಅದರ ಜೊತೆಗೇ ಬರುತ್ತೇನೆ, ಇಟ್ಟುಕೊಳ್ಳುವುದಾದರೆ ಇಟ್ಟುಕೋ.

ಅಲ್ಲಿಯವರೆಗೆ ಆ ಮನೆಯಲ್ಲಿ ಒಬ್ಬನೇ ಇರು. ಒಬ್ಬನೇ ಉಣ್ಣು, ಒಬ್ಬನೇ ಬಾಗಿಲು ಹಾಕಿಕೊಂಡು ಮಲಗು, ಬೆಳಿಗ್ಗೆ ಎದ್ದು ಮಾತಾಡಲು ಯಾರಿದ್ದಾರೆ ಅಂತ ನೋಡು. ನಾನು ಒಂಬತ್ತು ತಿಂಗಳು ಇದ್ದೆ. ನೀನು ಇಪ್ಪತ್ತು ದಿನ ಇರು. ಆಮೇಲೆ ಬರುತ್ತೇವೆ.

ತಮ್ಮ